ಶಶಿಯ ಅಪ್ಪನನ್ನು ಹುಡುಕಿಕೊಂಡು ಗುಜರಾತಿಗೆ

ರೈಲಿನಲ್ಲಿ

ಗದಗಿನಿಂದ ಅಹಮದಾಬಾದಿಗೆ ಹೋಗುವವರು ಸೂರತ್ತನ್ನೂ ಬರೋಡಾವನ್ನೂ ದಾಟಿಕೊಂಡೇ ಹೋಗಬೇಕು. ನಾವೂ ದಾಟಿಕೊಂಡು ಹೋದೆವು. ಸೂರತ್ ಸ್ಟೇಶನ್ನಿನಲ್ಲಿ ಚಹಾ ಕುಡಿದೆವು, ಬರೋಡಾದಲ್ಲಿ ಶಶಿಗೆ ಬಾಳೆಹಣ್ಣು ಕೊಂಡೆವು. ನಾವು ಹುಡುಕುತ್ತಿದ್ದ ಮನುಷ್ಯ ಆ ಹೊತ್ತಿಗೆ ಅದೇ ಬರೋಡಾದಲ್ಲಿದ್ದ ಎಂಬುದು ನಮಗೆ ಗೊತ್ತಿರಲಿಲ್ಲ.

ನಾವು ಎಂದರೆ ಮೂವರು. ಗದಗಿನ ಕನ್ಯಾಶಾಲೆಯಲ್ಲಿ ಪಾಠ ಹೇಳುವ, ಮದುವೆಯಾಗದ ನಾನು. ನನ್ನ ತಂಗಿ ಕುಸುಮಾ. ಅವಳ ಆರು ವರ್ಷದ ಮಗಳು ಶಶಿ. ಕುಸುಮಾಳ ಗಂಡ ವಸಂತ ವಿಮಾ ಕಚೇರಿಯ ಕೆಲಸದಲ್ಲಿದ್ದವನು, ಅಹಮದಾಬಾದಿಗೆ ವರ್ಗವಾಗಿ ಹೋದ. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದ. ಆಮೇಲೆ ಬರಲಿಲ್ಲ, ಅವನ ಸುದ್ದಿಯೂ ಬರಲಿಲ್ಲ. ಅತ್ತೆ ಬದುಕಿರುವ ತನಕ ಕುಸುಮಾ ಬೆಟಗೇರಿಯಲ್ಲಿ ಅವರ ಸೇವೆ ಮಾಡಿಕೊಂಡಿದ್ದಳು. ಅವರು ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು.

ಆ ಹೊತ್ತಿಗೆ ನಮ್ಮ ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಗೆ ಹೊಸದಾಗಿ ಒಬ್ಬ ಹೆಣ್ಣುಮಗಳು ಅಧಿಕಾರಿಯಾಗಿ ಬಂದಿದ್ದರು. ಅವರಾಗಿಯೇ ನಮ್ಮ ಮನೆಗೆ ಬಂದು, ವಕೀಲರನ್ನು ಗೊತ್ತು ಮಾಡಿಕೊಟ್ಟು, ಕೋರ್ಟಿನಲ್ಲಿ ಜೀವನಾಂಶದ ಅರ್ಜಿ ಹಾಕಿಸಿದರು. ತನಗೇನೂ ಬೇಡ, ಕೂಸಿಗೆ ಸಿಕ್ಕರೆ ಸಾಕು ಎಂದಳು ಕುಸುಮಾ. ಕೋರ್ಟು ಹಾಗೆಯೇ ಆಜ್ಞೆ ಮಾಡಿತು. ಆದರೆ ಅಹಮದಾಬಾದಿಗೆ ಕಳಿಸಿದ ವಾರಂಟು ಆಸಾಮಿ ಇಲ್ಲವೆಂದು ಮರಳಿ ಬಂತು. ದೇಶದಲ್ಲಿ ಅವನು ಎಲ್ಲಿದ್ದರೂ ಅಲ್ಲಿಯ ಮ್ಯಾಜಿಸ್ಟ್ರೇಟರು ಈ ಆಜ್ಞೆಯನ್ನು ಜಾರಿಮಾಡಬಹುದು, ಆ ಮನುಷ್ಯ ಅವನೇ ಎಂದೂ ಹಣ ಕೊಟ್ಟಿಲ್ಲವೆಂದೂ ಅವರಿಗೆ ಖಾತ್ರಿಯಾದರೆ ಸಾಕು ಎಂದು ಆ ಅಧಿಕಾರಿ ಹೇಳಿದರು. ಗುಜರಾತ್ ಸರ್ಕಾರದಲ್ಲಿಯೂ ತಮ್ಮಂಥ ಕಚೇರಿ ಇದೆ, ಅಲ್ಲಿಗೆ ಬರೆಯುತ್ತೇನೆ, ಹೋಗಿ ಬನ್ನಿ ಎಂದರು. ಸರ್ಕಾರ ತಾನಾಗಿ ಸಹಾಯ ಮಾಡುತ್ತೇನೆಂದು ಬಂದರೆ ನನಗೆ ಮೊದಲು ಬಾಗಿಲ ಚಿಲಕದ ನೆನಪಾಗುತ್ತದೆ. ಆದರೂ ಬೇರೆ ದಾರಿ ಇರಲಿಲ್ಲ. ಆಜ್ಞೆಯ ಪ್ರತಿಯನ್ನು ಲಂಗದ ಪಟ್ಟಿಯೊಳಗಿಟ್ಟು ಹೊಲಿದುಕೊಂಡು ಹೊರಟೆ.

ಮುಂಬಯಿಯಿಂದ ಮುಂದೆ ನಮ್ಮ ಡಬ್ಬಿಯಲ್ಲಿ ಒಂದು ಗುಜರಾತಿ ಕುಟುಂಬವಿತ್ತು. ನಮ್ಮ ಕಡೆ ಎದುರಿನವರ ಪರಿಚಯವಾಗಲು ಒಂದು ಸ್ಟೇಶನ್ನಾದರೂ ದಾಟಬೇಕು. ಇವರು ಗಾಡಿ ಹೊರಡುವ ಮೊದಲೇ ಮೆಂತ್ಯದ ಸೊಪ್ಪಿನ ತೆಳ್ಳನೆಯ ರೊಟ್ಟಿಗಳನ್ನು ನಮ್ಮ ಕೈಗೆ ಇಟ್ಟಾಗಿತ್ತು. ರೈಲಿನಲ್ಲಿ ಮಂಪರಿನ ಪುಡಿ ಹಾಕಿದ ತಿಂಡಿ ಕೊಟ್ಟು ಟ್ರಂಕು ಹೊತ್ತೊಯ್ಯುವವರ ಕಥೆಗಳನ್ನು ನಾನು ಸಾಕಷ್ಟು ಕೇಳಿದ್ದೆ. ನಾನು ಬೇಡವೆಂದೆ. ಶಶಿ ಎರಡು ತಿಂದಳು. ಅವಳ ಕಣ್ಣು ಮುಚ್ಚುತ್ತವೆಯೇ ಎಂದು ವಾಪಿ ದಾಟುವವರೆಗೆ ನೋಡುತ್ತ ಕೂತೆ. ಅವಳು ಮೂರನೆಯದನ್ನು ಕೇಳಿದಳು.

ಆ ಮನೆಯ ಮುದುಕಿ ಒಂದೊಂದೇ ಪ್ರಶ್ನೆ ಹಾಕತೊಡಗಿದರು. ಎಲ್ಲಿಗೆ, ಯಾಕೆ, ಕೂಸಿನ ಅಪ್ಪ ಎಲ್ಲಿ. ಗಂಡಸಿಲ್ಲದ ಮೂವರು ಎಂದು ತಿಳಿಯುವುದು ಬೇಡವೆಂದು, ಅವಳಪ್ಪ ಸ್ಟೇಶನ್ನಿಗೆ ಬಂದಿರುತ್ತಾರೆ ಎಂದುಬಿಟ್ಟೆ. ಅದು ತಪ್ಪಾಯಿತು. ಅಹಮದಾಬಾದಿನಲ್ಲಿ ಇಳಿದ ಮೇಲೆ ಅಪ್ಪನ ಕೈಗೆ ನಮ್ಮನ್ನು ಒಪ್ಪಿಸದೆ ಹೋಗುವುದಿಲ್ಲವೆಂದು ಆ ಇಡೀ ಕುಟುಂಬ ಪ್ಲಾಟ್‌ಫಾರ್ಮಿನ ಮೇಲೆ ನಿಂತುಬಿಟ್ಟಿತು. ಅಷ್ಟರಲ್ಲಿ ನಮ್ಮನ್ನು ಕರೆದೊಯ್ಯಲು ಕಟ್ಟಿಯವರು ಬಂದರು. ಇವರು ವಸಂತನ ಹಳೆಯ ಕಚೇರಿಯವರು, ಧಾರವಾಡದ ಕಡೆಯವರು. ಮುದುಕಿ ಅವರನ್ನೇ ಅಪ್ಪನೆಂದು ತಿಳಿದು, ಶಶಿಯನ್ನು ಎತ್ತಿ ಅವರ ತೋಳಿಗೆ ಕೊಟ್ಟು, ತಡವಾಗಿ ಬಂದದ್ದಕ್ಕೆ ನಾಲ್ಕು ಮಾತು ಅಂದರು. ಕಟ್ಟಿಯವರ ಮುಖ ಕಪ್ಪಿಟ್ಟಿತು. ಅಷ್ಟು ಸಣ್ಣ ತಮಾಷೆಗೆ ಇಷ್ಟು ಕಪ್ಪಿಡುವುದು ಯಾಕೆ ಎಂದು ನನಗೆ ಆಗಲೇ ಅನ್ನಿಸಿತು.

ಅಹಮದಾಬಾದು: ಮಣಿನಗರ

ಕಟ್ಟಿಯವರ ಮನೆ ಮಣಿನಗರದಲ್ಲಿ. ಆ ಓಣಿಯಲ್ಲಿ ರೈಲ್ವೆ, ಬ್ಯಾಂಕು, ವಿಮಾ ಕಚೇರಿಗಳಿಗೆ ವರ್ಗವಾಗಿ ಬಂದ ನಮ್ಮ ಕಡೆಯ ಮನೆಗಳು ಕೆಲವಿದ್ದವು. ಸಂಜೆ ಒಂದು ಕಿಟಕಿಯಿಂದ ಒಗ್ಗರಣೆಯ ಇಂಗಿನ ವಾಸನೆ ಬಂದರೆ ಪಕ್ಕದ ಕಿಟಕಿಯಿಂದ ಬೆಲ್ಲ ಕುದಿಯುವ ವಾಸನೆ. ಇಲ್ಲಿ ಸಾರಿಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ. ಸಿಹಿಯಾಗಿ ಮಾತಾಡುವವರನ್ನೇ ನಂಬದ ನಾನು ಸಿಹಿಯಾದ ಸಾರನ್ನು ನಂಬುವುದು ಹೇಗೆ. ಹೊರಗೆ ಉಂಡ ದಿನವೆಲ್ಲ ಅರೆಹೊಟ್ಟೆಯಲ್ಲಿ ಎದ್ದೆ.

ಕಟ್ಟಿಯವರ ಹೆಂಡತಿ ಸುಶೀಲಾಬಾಯಿ ಮಾತು ಕಡಿಮೆಯ ಹೆಂಗಸು. ಊಟಕ್ಕೆ ಜೋಳದ ರೊಟ್ಟಿ ಬಡಿದು ಹಾಕಿದರು. ಆಟವಾಡುತ್ತಿದ್ದ ಅವರ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದವು. ಒಂದು ಮಧ್ಯಾಹ್ನ ಕಳೆಯುವುದರೊಳಗೆ ಶಶಿಯೂ ಅವರಂತೆ ಗುಜರಾತಿಯಲ್ಲಿ ಒಂದು, ಎರಡು ಎಣಿಸತೊಡಗಿದಳು. ಊಟವಾದ ಮೇಲೆ ಕಟ್ಟಿಯವರು ನನ್ನನ್ನು ಕರೆದು ಕೂರಿಸಿ, ವಸಂತ ಕೆಲಸ ಬಿಟ್ಟು ಹೋದ ಮೇಲೆ ತಮಗೂ ಅವನಿಗೂ ಸಂಬಂಧವೇ ಇಲ್ಲವೆಂದರು. ಕೋರ್ಟು, ಕಚೇರಿ ಎಂದು ಪರವೂರಿನಲ್ಲಿ ಹೆಣ್ಣುಮಕ್ಕಳು ಅಲೆಯುವುದು ಸರಿಯಲ್ಲ, ನಮ್ಮ ಮಂದಿಯ ಮರ್ಯಾದೆ ಇಲ್ಲಿ ಎಲ್ಲರ ಬಾಯಿಗೆ ಬೀಳುತ್ತದೆ, ಊರಿಗೆ ಹೋಗಿಬಿಡಿ, ಎಂದಾದರೂ ಸಿಕ್ಕರೆ ತಾವೇ ಬುದ್ಧಿ ಹೇಳುತ್ತೇವೆ ಎಂದರು. ಸಂಬಂಧವೇ ಇಲ್ಲದವನಿಗೆ ಬುದ್ಧಿ ಹೇಳುವುದು ಹೇಗೆ ಎಂದು ನಾನು ಕೇಳಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡೆ.

ಮರುದಿನ ಅಡುಗೆಮನೆಗೆ ನೀರಿಗೆಂದು ಹೋದರೆ ಕುಸುಮಾ, ಸುಶೀಲಾಬಾಯಿ ಒಲೆಯ ಮುಂದೆ ಮೆಲ್ಲಗೆ ಮಾತಾಡುತ್ತಿದ್ದರು. ನನ್ನನ್ನು ಕಂಡು ಸುಶೀಲಾಬಾಯಿ ಸುಮ್ಮನಾದರು. ಗಂಡ ನನಗೆ ಹೇಳಿದ್ದನ್ನು ಹೆಂಡತಿ ತಂಗಿಗೆ ಹೇಳುತ್ತಿದ್ದಾಳೆ, ಅವಳ ಮನಸ್ಸು ಕರಗಿಸುತ್ತಿದ್ದಾಳೆ ಎಂದುಕೊಂಡೆ.

ಹಂಸಾಬೆನ್ನರ ಉಯ್ಯಾಲೆ

ನಮಗೆ ಸಹಾಯ ಮಾಡಬೇಕಾಗಿದ್ದ ಸರ್ಕಾರಿ ಅಧಿಕಾರಿಯ ಹೆಸರು ಹಂಸಾಬೆನ್. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಯೊಂದರಲ್ಲಿ, ಕೆತ್ತನೆಯ ಮರದ ಕಂಬಗಳಿದ್ದ ಮನೆಯಲ್ಲಿ ಅವರ ಕಚೇರಿ. ನಡುಮನೆಯಲ್ಲಿ ಹಿತ್ತಾಳೆಯ ಸರಪಳಿಯ ದೊಡ್ಡ ಉಯ್ಯಾಲೆಮಣೆ. ಹಂಸಾಬೆನ್ ಅದರ ಮೇಲೆ ಕೂತು ಜೀಕುತ್ತಲೇ ಕಡತ ಓದುತ್ತಿದ್ದರು. ಸೆರಗು ಬಲಭುಜದ ಮೇಲೆ, ಬಾಯಲ್ಲಿ ಸೋಂಪು, ಮುಖದ ತುಂಬ ನಗು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಮೊದಲು ನಿಂತು ಬೆವರಬೇಕು, ಆಮೇಲೆ ಕೂತುಕೋ ಎನ್ನುತ್ತಾರೆ. ಇವರು "ಬೇಸೊ ಬೇಸೊ" ಎಂದು ಉಯ್ಯಾಲೆಯ ಮೇಲೆ ತಮ್ಮ ಪಕ್ಕದಲ್ಲಿಯೇ ಕೂರಿಸಿಕೊಂಡು, ಬಸಿಯಲ್ಲಿ ಚಹಾ ಹೊಯ್ದು ಕೈಗೆ ಕೊಟ್ಟರು. ನ್ಯಾಯ ಕೇಳಲು ಬಂದವಳು ತೂಗಾಡುತ್ತ ಚಹಾ ಕುಡಿಯುವುದೆಂದರೆ ನನಗೆ ಹೇಗೋ ಆಯಿತು. ಬಸಿ ವಾಲಿ ಚಹಾ ನನ್ನ ಒಳ್ಳೆಯ ಇಳಕಲ್ ಸೀರೆಯ ಮೇಲೆ ಬಿತ್ತು.

ಕೋರ್ಟಿನ ಆಜ್ಞೆ ಕೊಡಿ ಎಂದು ಕೇಳಿದರು. ಅದು ಎಲ್ಲಿದೆಯೆಂದು ಹೇಳಲು ನಾಚಿಕೆ, ಕೊಡಲು ಭಯ. ಕೊನೆಗೆ ಪಕ್ಕದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಹಲ್ಲಿನಿಂದ ಹೊಲಿಗೆ ಬಿಚ್ಚಿ ತಂದುಕೊಟ್ಟೆ. ಹಂಸಾಬೆನ್ ಅದರ ನೆರಿಗೆಗಳನ್ನು ಅಂಗೈಯಿಂದ ತೀಡಿದರು. ನಿಮ್ಮೂರೂ ನಮ್ಮೂರೂ ಮೊನ್ನೆಮೊನ್ನೆಯವರೆಗೆ ಒಂದೇ ಮುಂಬಯಿ ಪ್ರಾಂತದಲ್ಲಿದ್ದವಲ್ಲ, ಕಾನೂನು ಗೊತ್ತಿದೆ, ಮನುಷ್ಯ ಸಿಕ್ಕರೆ ಆಯಿತು ಎಂದರು.

ಆಮೇಲೆ ಟೆಲಿಫೋನು ಹಿಡಿದು ಬಹಳ ಹೊತ್ತು ಯಾರ ಜೊತೆಗೋ ಗುಜರಾತಿಯಲ್ಲಿ ಮಾತಾಡಿದರು. ನಡುನಡುವೆ ವಸಂತನ ಹೆಸರು ಬರುತ್ತಿತ್ತು, ನಡುನಡುವೆ ಅವರು ನಗುತ್ತಿದ್ದರು. ಅವನ ಹೆಸರಿನಲ್ಲಿ ನಗುವಂಥದ್ದೇನಿತ್ತೋ. ಫೋನಿಟ್ಟು, ಅವನು ಬಣ್ಣದ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕಿದ್ದಾನೆ, ಬರೋಡಾದ ಫತೇಗಂಜಿನಲ್ಲಿ ಖೋಲಿ ಹಿಡಿದಿದ್ದಾನೆ, ಸೋಮವಾರ ನಾನೂ ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ ಎಂದರು. ನಾವು ಯಾರಿಗೆ ಹೇಳಬೇಕು. ಇಳಿದುಕೊಂಡ ಮನೆಯವರಿಗಂತೂ ಹೇಳದೆ ಹೊರಡುವಂತಿರಲಿಲ್ಲ.

ಬರೋಡಾ: ಫತೇಗಂಜ್

ಬರೋಡಾದಲ್ಲಿ ನನಗೆ ಸ್ವಲ್ಪ ಉಸಿರು ಬಂತು. ಮರಾಠರು ಆಳಿದ ಊರು, ಅಂಗಡಿಯಲ್ಲಿ ಮರಾಠಿ ಆಡಿದರೆ ಮರಾಠಿಯಲ್ಲಿಯೇ ಉತ್ತರ ಬರುತ್ತಿತ್ತು. ಗದಗಿನವಳಾದ ನನಗೆ ಅಷ್ಟು ಮರಾಠಿ ಬರುತ್ತದೆ. ಫತೇಗಂಜಿನ ತುಂಬ ಕಾಲೇಜು ಹುಡುಗರು, ಸೈಕಲ್ಲು, ಸಣ್ಣಸಣ್ಣ ಖಾನಾವಳಿ. ವಸಂತನ ಖೋಲಿ ಅಂಥದೊಂದು ಖಾನಾವಳಿಯ ಮೇಲ್ಮಾಳಿಗೆಯಲ್ಲಿತ್ತು. ಹಂಸಾಬೆನ್ ಒಬ್ಬ ಪೊಲೀಸನನ್ನು ಕರೆತಂದು ಓಣಿಯ ತುದಿಯಲ್ಲಿ ನಿಲ್ಲಿಸಿದ್ದರು. ಕುಸುಮಾ ಅವನ ಕಡೆ ಒಮ್ಮೆ ನೋಡಿ, ಶಶಿಯ ಜಡೆ ಬಿಚ್ಚಿ ಮತ್ತೆ ಹೆಣೆದಳು.

ಖೋಲಿ ಖಾಲಿಯಾಗಿತ್ತು. ಖಾನಾವಳಿಯ ಒಡತಿ, ದಪ್ಪ ಮರಾಠಿ ಹೆಂಗಸು, ಹಿಂದಿನ ದಿನ ಬೆಳಿಗ್ಗೆಯೇ ಅವನು ಹಾಸಿಗೆ ಸುತ್ತಿಕೊಂಡು ಹೋದನೆಂದಳು. ಅಹಮದಾಬಾದಿನ ಗಾಡಿಯಲ್ಲಿ ಬಂದ ಯಾರೋ ಒಬ್ಬರು ಬಾಗಿಲಲ್ಲೇ ನಿಂತು ಏನೋ ಹೇಳಿ ಹೋದರಂತೆ. ವಸಂತ ಊಟದ ತಾಟು ಅರ್ಧಕ್ಕೇ ಬಿಟ್ಟು ಎದ್ದನಂತೆ. ಎಂಥ ಮನುಷ್ಯ ಎಂದು ಕೇಳಿದೆ. "ಚಲೋ ಮನುಷ್ಯ ಬಾಯಿ, ಹೆಂಡಿರು ಮಕ್ಕಳಿಲ್ಲ, ಒಬ್ಬನೇ" ಎಂದಳು ಮರಾಠಿಯಲ್ಲಿ. ಕುಸುಮಾಳಿಗೆ ಅಷ್ಟು ಮರಾಠಿ ತಿಳಿಯುತ್ತದೆ.

ನಾವು ಬರುವುದು ಗೊತ್ತಿದ್ದದ್ದು ಹಂಸಾಬೆನ್ನರಿಗೆ ಮತ್ತು ಕಟ್ಟಿಯವರ ಮನೆಗೆ. ಎದುರಿಗೆ ನಿಂತ ಹಂಸಾಬೆನ್ ಈಗ ನಗುತ್ತಿರಲಿಲ್ಲ. ಅದೂ ನನಗೆ ನಾಟಕವೆನ್ನಿಸಿತು. ಅವರು ದೂರ ಹೋದದ್ದು ನೋಡಿ, ಈ ಸರ್ಕಾರದ ಹೆಂಗಸೇ ಅವನಿಗೆ ಸುದ್ದಿ ಮುಟ್ಟಿಸಿದ್ದಾಳೆ, ಫೋನಿನಲ್ಲಿ ನಕ್ಕದ್ದು ಯಾಕೆಂದು ಈಗ ತಿಳಿಯಿತು ಎಂದು ಕುಸುಮಾಳಿಗೆ ಹೇಳಿದೆ. ಕುಸುಮಾ ತಲೆಯೆತ್ತದೆ, "ಅವರ ಮ್ಯಾಲ ಯಾಕ ಹಾಕತಿ ಅಕ್ಕಾ, ಪಾಪ" ಎಂದಳು. ಎಲ್ಲರನ್ನೂ ನಂಬುವ ಸ್ವಭಾವದಿಂದಲೇ ಇವಳಿಗೆ ಈ ಗತಿ ಬಂತೆಂದು ನನಗೆ ಸಿಟ್ಟು ಬಂತು.

ಹಂಸಾಬೆನ್ ಹೋದದ್ದು ಟಾಂಗಾದವರ ಹತ್ತಿರ. ಅವನು ಸೂರತ್ತಿನ ಗಾಡಿಗೆ ಹೋದನೆಂದು ಕೇಳಿಕೊಂಡು ಬಂದರು. ಆ ಬಣ್ಣದ ವ್ಯಾಪಾರಿಯ ಕಾರ್ಖಾನೆ ಇರುವುದು ಸೂರತ್ತಿನಲ್ಲಿ, ಕೆಲಸ ಬಿಟ್ಟು ಓಡಲಾರ, ನಡೆಯಿರಿ ಎಂದರು. ಅದೇ ಮಧ್ಯಾಹ್ನ ಹೊರಟೆವು.

ಸೂರತ್

ಸೂರತ್ತಿನ ನೆನಪೆಂದರೆ ನನಗೆ ಮೊದಲು ಬರುವುದು ಸದ್ದು. ಮನೆಮನೆಯಲ್ಲಿ ಮಗ್ಗದ ಯಂತ್ರ, ಓಣಿಯಲ್ಲಿ ನಡೆದರೆ ಕಾಲಡಿಯ ನೆಲ ನಡುಗುತ್ತಿತ್ತು. ನಮ್ಮ ಬೆಟಗೇರಿಯ ಕೈಮಗ್ಗದ ಸದ್ದಿಗೆ ಮಕ್ಕಳು ನಿದ್ದೆ ಹೋಗುತ್ತವೆ. ಇಲ್ಲಿ ಎರಡು ಮಾತಾಡಬೇಕಾದರೂ ಕಿವಿಯ ಹತ್ತಿರ ಬಾಯಿ ತರಬೇಕು. ತಾಪಿ ನದಿಯ ದಂಡೆಯಲ್ಲಿ ಅನಾಥ ಹೆಂಗಸರಿಗೆಂದು ನಡೆಸುವ ಮನೆಯೊಂದರಲ್ಲಿ ಹಂಸಾಬೆನ್ ನಮಗೆ ಜಾಗ ಮಾಡಿಸಿಕೊಟ್ಟರು. ಅಲ್ಲಿಯ ಅಡುಗೆಯಾಕೆ ನನ್ನ ಮುಖ ನೋಡಿ ಮರುದಿನದಿಂದ ನನ್ನ ಪಾಲಿನ ಸಾರಿಗೆ ಬೆಲ್ಲ ಹಾಕುವುದನ್ನು ಬಿಟ್ಟಳು. ಯಾಕೆ ಇಷ್ಟು ಉಪಚಾರ ಎಂದು ಅದಕ್ಕೂ ಯೋಚಿಸಿದೆ.

ಕಾರ್ಖಾನೆಯಲ್ಲಿ ವಸಂತ ಸಿಕ್ಕ. ಅಲ್ಲಿ ಅವನ ಹೆಸರು ವಸಂತಲಾಲ್. ಸಮನ್ಸು ತಲುಪಿ, ಹೇಳಿದ ದಿನ ಕೋರ್ಟಿಗೂ ಬಂದ. ಮೀಸೆ ಬೋಳಿಸಿದ್ದ, ಮೈ ತುಂಬಿಕೊಂಡಿದ್ದ, ವಕೀಲನ ಜೊತೆ ಗುಜರಾತಿಯಲ್ಲಿ ಸಲೀಸಾಗಿ ಮಾತಾಡುತ್ತಿದ್ದ. ಶಶಿಯನ್ನು ಹೊರಗೆ ಬೇವಿನ ಮರದ ಕೆಳಗೆ ಅಡುಗೆಯಾಕೆಯ ಹತ್ತಿರ ಬಿಟ್ಟು ನಾವು ಒಳಗೆ ಹೋದೆವು.

ಅವನ ಉತ್ತರ ಚಿಕ್ಕದಾಗಿತ್ತು. ತಾನು ಬೆಳಗಾವಿಯ ಮರಾಠಿ ಮನೆತನದವನು, ಮದುವೆಯಾಗಿಲ್ಲ, ಗದಗನ್ನು ನೋಡಿಲ್ಲ, ಕನ್ನಡ ಬರುವುದಿಲ್ಲ, ಈ ಹೆಂಗಸು ಯಾರೋ ಗೊತ್ತಿಲ್ಲ. ನಮ್ಮ ಹತ್ತಿರವಿದ್ದ ಮದುವೆಯ ಫೋಟೋದಲ್ಲಿ ಮೀಸೆಯ, ಕಡ್ಡಿಯಂಥ ಹುಡುಗನಿದ್ದ. ಅವನ ವಕೀಲ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ಹಿಡಿದು, ಇವರಿಬ್ಬರೂ ಒಂದೇ ಎಂದು ಯಾರು ಹೇಳಬಲ್ಲರು ಎಂದ. ನಾನು ಹೇಳಬಲ್ಲೆ ಎಂದೆ. ನೀವು ಅಕ್ಕ, ನಿಮ್ಮ ಮಾತಿಗೆ ಬೆಲೆ ಕಡಿಮೆ ಎಂದ. ಕುಸುಮಾ ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಇವನು ಅವನೇ ಎಂದು ಆ ದಿನ ಖಾತ್ರಿಯಾಗದಿದ್ದರೆ ಅರ್ಜಿ ಬೀಳುತ್ತಿತ್ತು, ಮರುದಿನ ಅವನು ಯಾವ ಊರಿನಲ್ಲಿ ಯಾವ ಲಾಲ್ ಆಗಿರುತ್ತಿದ್ದನೋ.

ಆಗ ಹಂಸಾಬೆನ್ ತಮ್ಮ ಸಾಕ್ಷಿಯನ್ನು ಕರೆದರು. ಬಾಗಿಲಿನಿಂದ ಒಳಗೆ ಬಂದವರು ಸುಶೀಲಾಬಾಯಿ. ಗಂಡ ಬೇಡವೆಂದರೂ ಬೆಳಗಿನ ಗಾಡಿಗೆ ಒಬ್ಬರೇ ಬಂದಿದ್ದರಂತೆ. ಈ ವಸಂತನಿಗೆ ಬಣ್ಣದ ವ್ಯಾಪಾರಿಯ ಹತ್ತಿರ ಕೆಲಸ ಕೊಡಿಸಿದವರು ಕಟ್ಟಿಯವರೇ ಎಂದು ಆಮೇಲೆ ತಿಳಿಯಿತು. ಸುಶೀಲಾಬಾಯಿ ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: ಇವರು ಅಹಮದಾಬಾದಿನಲ್ಲಿದ್ದಾಗ ರವಿವಾರ ರವಿವಾರ ನಮ್ಮಲ್ಲಿ ಊಟ ಮಾಡುತ್ತಿದ್ದರು, ಕೂಸಿನ ಫೋಟೋ ಕಿಸೆಯಲ್ಲಿಟ್ಟುಕೊಂಡು ಬಂದು ತೋರಿಸಿದ್ದರು, ಅದರ ಹೆಸರು ಶಶಿ ಎಂದಿದ್ದರು.

ಅವನ ವಕೀಲ ಬಿಡಲಿಲ್ಲ. ಇಷ್ಟು ಕಾಲದ ಮೇಲೆ ಇವರು ಇಲ್ಲಿರುವುದು ನಿಮಗೆ ಹೇಗೆ ಗೊತ್ತು, ಈ ಹೆಂಗಸರು ಹೇಳಿಕೊಟ್ಟದ್ದು ತಾನೆ ಎಂದು ಕೇಳಿದ. ಸುಶೀಲಾಬಾಯಿ ಕುಸುಮಾಳ ಕಡೆ ನೋಡಿದರು. ಕುಸುಮಾ ಹೂಂ ಎಂಬಂತೆ ತಲೆಯಾಡಿಸಿದಳು. "ಬರೋಡಾಕ್ಕೆ ಇವರಿಗೆ ಸುದ್ದಿ ಕಳಿಸಿದವಳೇ ನಾನು" ಎಂದರು ಸುಶೀಲಾಬಾಯಿ. "ಕಳಿಸಿ ಅಂತ ಕೇಳಿಕೊಂಡದ್ದು ಇವರ ಹೆಂಡತಿ."

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ರೈಲಿನ ಮುದುಕಿಯಿಂದ ಹಿಡಿದು ಹಂಸಾಬೆನ್ನರವರೆಗೆ ಎಲ್ಲರ ಮೇಲೂ ಅನುಮಾನಪಟ್ಟಿದ್ದೆ. ಪಕ್ಕದಲ್ಲಿ ಮಲಗುತ್ತಿದ್ದ ತಂಗಿಯ ಮೇಲೆ ಮಾತ್ರ ಪಟ್ಟಿರಲಿಲ್ಲ.

ಮ್ಯಾಜಿಸ್ಟ್ರೇಟರಿಗೂ ಆಶ್ಚರ್ಯವಾಯಿತು. ಹಿಡಿಯಲು ಬಂದವರೇ ಮುಂದಾಗಿ ಸುದ್ದಿ ಯಾಕೆ ಕೊಟ್ಟಿರಿ ಎಂದು ಕುಸುಮಾಳನ್ನು ಕೇಳಿದರು. ಅವಳು ಕನ್ನಡದಲ್ಲಿ ಹೇಳಲಿ, ನಾನು ಇಂಗ್ಲಿಷಿಗೆ ಮಾಡಿ ಹೇಳಲಿ ಎಂದಾಯಿತು. ಕುಸುಮಾ ಮ್ಯಾಜಿಸ್ಟ್ರೇಟರ ಕಡೆ ನೋಡಲಿಲ್ಲ. ಗಂಡನ ಕಡೆ ನೋಡಿಯೇ ಹೇಳಿದಳು.

"ಪೊಲೀಸರು ಹಿಡಕೊಂಡು ಬರೋದಕಿಂತ, ತಾವಾಗೇ ಬಂದು ಮಗಳ ಮುಂದ ಒಮ್ಮೆ ನಿಲ್ಲಲಿ ಅಂತ ಹೇಳಿ ಕಳಿಸಿದ್ದೆ. ಬರಲಿಲ್ಲ. ಅವರ ಅವ್ವ ಸಾಯೋ ಮುಂದ ಮೂರು ದಿನ ವಸಂತಾ ವಸಂತಾ ಅಂತ ಬಾಗಲಾ ನೋಡಿದರು. ಆವಾಗೂ ಬರಲಿಲ್ಲ."

ನಾನು ಅದನ್ನು ಇಂಗ್ಲಿಷಿಗೆ ಮಾಡಲು ಬಾಯಿ ತೆರೆಯುವ ಮೊದಲೇ ಅವನ ಬಾಯಿಂದ ಒಂದು ಮಾತು ಬಂತು.

"ಯಾವಾಗ?"

ತಾಯಿ ತೀರಿಕೊಂಡಾಗ ನಾವು ಅಹಮದಾಬಾದಿಗೆ ಕಳಿಸಿದ್ದ ತಂತಿ ಅವನಿಗೆ ಮುಟ್ಟಿರಲಿಲ್ಲ. ಅವಳು ಬೆಟಗೇರಿಯಲ್ಲಿ ಇನ್ನೂ ಬದುಕಿದ್ದಾಳೆಂದೇ ಅವನು ತಿಳಿದಿದ್ದ. ಕನ್ನಡ ಬಾರದವನು ಯಾವುದಕ್ಕೆ ಹೀಗೆ ಬಿಳಿಚಿಕೊಂಡನೆಂದು ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು. ನಾನು ಮೊದಲು ಕುಸುಮಾಳ ಮಾತನ್ನು, ಆಮೇಲೆ ಅವನ ಒಂದು ಶಬ್ದವನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನ ವಕೀಲ ಫೋಟೋವನ್ನು ಮೇಜಿನ ಮೇಲಿಟ್ಟು ಕೂತ.

ಆಮೇಲಿನದು ಬೇಗ ಮುಗಿಯಿತು. ಅವನು ಎಲ್ಲವನ್ನೂ ಒಪ್ಪಿಕೊಂಡ. ತಪ್ಪಿದರೆ ಜೈಲು ಎಂದು ಹೇಳಿ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಿದರು. ತಿಂಗಳು ತಿಂಗಳು ಅವನು ಕೋರ್ಟಿಗೆ ಕಟ್ಟುವುದು, ಅಲ್ಲಿಂದ ನಮಗೆ ಬರುವುದು ಎಂದಾಯಿತು. ಕಟ್ಟಿದನೋ ಇಲ್ಲವೋ ಎಂದು ನೋಡಿಕೊಳ್ಳುವುದು ತಮ್ಮ ಜವಾಬ್ದಾರಿ ಎಂದರು ಹಂಸಾಬೆನ್. ಟೆಲಿಫೋನಿನಲ್ಲಿ ಅಂದು ನಕ್ಕದ್ದು ಯಾಕೆಂದು ಅವರನ್ನು ಕೇಳಿಯೇಬಿಟ್ಟೆ. ಆ ಕಡೆ ಮಾತಾಡುತ್ತಿದ್ದವರು ಕಿವಿ ಕೇಳದ ತಮ್ಮ ಸೋದರಮಾವ, ವಿಮಾ ಕಚೇರಿಯ ಹಳೆಯ ನೌಕರರು, ವಸಂತ ಎಂದರೆ ಬಸಂತೀ ಎಂಬ ಹಳದಿ ಬಣ್ಣ ಎಂದು ತಿಳಿದು ಯಾವ ಅಂಗಡಿಯ ಸೀರೆ ಎಂದು ಕೇಳುತ್ತಿದ್ದರು ಎಂದರು.

ಹೊರಗೆ ಬೇವಿನ ಮರದ ಕೆಳಗೆ ವಸಂತ ನಮ್ಮ ಹತ್ತಿರ ಬಂದ. ಕೊಳ್ಳಿ ಯಾರು ಇಟ್ಟರು ಎಂದು ಕೇಳಿದ. ಕಾಕಾನ ಮಗ ಎಂದಳು ಕುಸುಮಾ. ಅವನು ಶಶಿಯ ಕಡೆ ನೋಡಿದ. ಇವರು ಯಾರೆಂದು ಶಶಿ ತಾಯಿಯನ್ನು ಕೇಳಿದಳು. ಕುಸುಮಾ "ನಿಮ್ಮಪ್ಪ" ಎಂದಳು. ಶಶಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಅಡುಗೆಯಾಕೆಯ ಸೆರಗಿನ ಹಿಂದೆ ಸರಿದಳು. ಅವನು ಕೈ ಚಾಚಿದವನು ಹಾಗೆಯೇ ಹಿಂತೆಗೆದುಕೊಂಡು, ಗೇಟಿನ ಕಡೆ ನಡೆದ.

ಮರಳಿ

ಸುಶೀಲಾಬಾಯಿಯವರನ್ನು ಅಹಮದಾಬಾದಿನ ಗಾಡಿಗೆ ಹತ್ತಿಸಿ ನಾವು ಮುಂಬಯಿಯ ಗಾಡಿ ಹತ್ತಿದೆವು. ಮನೆಯಲ್ಲಿ ಅವರಿಗೆ ಏನು ಕಾದಿತ್ತೋ, ಅವರು ಹೇಳಲಿಲ್ಲ. ಶಶಿ ನನ್ನ ತೊಡೆಯ ಮೇಲೆ ಮಲಗಿದಳು. ನವಸಾರಿ ದಾಟಿತು. ನನ್ನ ತಲೆಯೊಳಗೆ ಒಂದು ಸಂಶಯ ಕೊರೆಯುತ್ತಲೇ ಇತ್ತು. ಕೋರ್ಟಿನಲ್ಲಿ ಅತ್ತೆಯ ಸಾವಿನ ಮಾತನ್ನು ಕುಸುಮಾ ಬೇಕೆಂದೇ ಆಡಿದಳೇ? ಇಷ್ಟು ದಿನ ನನ್ನ ತಂಗಿಯನ್ನು ಏನೂ ತಿಳಿಯದವಳೆಂದುಕೊಂಡ ನಾನು ಈಗ ಅವಳ ಮುಖವನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ಕೊನೆಗೆ ತಡೆಯಲಾಗಲಿಲ್ಲ.

"ಕುಸುಮಾ, ಸುಶೀಲಾಬಾಯಿಯವರ ಕಡೆ ಹೇಳಿ ಕಳಿಸುವಾಗ ಅತ್ತಿಯವರು ತೀರಿಕೊಂಡದ್ದನ್ನ ಯಾಕ ಹೇಳಿ ಕಳಿಸಲಿಲ್ಲ? ಆ ಮಾತು ಕೇಳಿದ್ದರ ಅವ ಓಡತಿರಲಿಲ್ಲ. ಓಡಿಕೋತ ಬರತಿದ್ದ."

ಕುಸುಮಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಉಪ್ಪಿನ ಬಯಲುಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು.

"ಹೌದು, ಬರತಿದ್ದರು" ಎಂದಳು. "ಅವ್ವನ ಸಲುವಾಗಿ ಬರತಿದ್ದರು. ಮಗಳ ಸಲುವಾಗಿ ಬರತಾರೇನು ಅಂತ ನನಗ ನೋಡೋದಿತ್ತು ಅಕ್ಕಾ."